ಮೂರು ಪಡಿ

ಕಾಮಸಮುದ್ರ
3 ಜೂನ್ 2024

ರಾಧಾ,

ನಿನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಬೇತಮಂಗಲದ ಕೆರೆ ಕಟ್ಟೆ ಮೇಲೆ ನೀನು ನಿಂತಿದ್ದೀಯ. ಒಂದು ಕಾಲಲ್ಲಿ ಚಪ್ಪಲಿ ಇದೆ, ಇನ್ನೊಂದರಲ್ಲಿ ಇಲ್ಲ. ನಾನು ಕೆಳಗಿನಿಂದ ಕೂಗುತ್ತಿದ್ದೇನೆ, ನಿನಗೆ ಕೇಳುತ್ತಿಲ್ಲ. ಅಷ್ಟೇ ಕನಸು. ನಿಮ್ಮ ಭಾವನಿಗೆ ಹೇಳಿದರೆ, "ಚಪ್ಲಿ ಕಳ್ದೋದ್ರೆ ಒಸಾದು ತಗಂತಾಳೆ, ಸುಮ್ನೆ ಮಲಿಕ್ಕ" ಅಂದರು. ಅವರಿಗೆ ನಿದ್ದೆ ಬಂತು. ನನಗೆ ಬರಲಿಲ್ಲ.

ಈ ಕಾಯಿಲೆ ಶುರುವಾದದ್ದೇ ಚಪ್ಪಲಿಯಿಂದ ಅಲ್ಲವಾ. ಆರು ವರ್ಷದ ಹಿಂದೆ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಕಾಲಿಂದ ಚಪ್ಪಲಿ ಕಳಚಿಕೊಂಡಿತು, ನೀನು ಗೊತ್ತಾಗದೆ ಹತ್ತು ಹೆಜ್ಜೆ ಮುಂದೆ ಹೋದೆ. ನಾನು ನಗಾಡಿದೆ. ಆಮೇಲೆ ಬೆಂಗಳೂರಿನ ಡಾಕ್ಟರು ಮಾಂಸಖಂಡ ಸವೆಯುವ ಕಾಯಿಲೆ, ಪ್ರಾಣಕ್ಕೆ ಭಯವಿಲ್ಲ, ನಿಧಾನವಾಗಿ ಹೆಚ್ಚುತ್ತೆ ಅಂದರು. ನಿಧಾನ ಅಂದರೆ ಎಷ್ಟು ನಿಧಾನ ಅಂತ ನಾನು ಕೇಳಲಿಲ್ಲ. ಕೇಳಬೇಕಾಗಿತ್ತು. ಈಗಲೂ ಅದೇ ಕೊರೆಯುತ್ತೆ.

ಫೋನಲ್ಲಿ ನಾನು ಅಳುತ್ತೇನೆ, ನೀನೂ ಅಳುತ್ತೀಯ, ಅದಕ್ಕೆ ಕಾಗದ ಬರಿ ಅಕ್ಕ ಅಂತ ನೀನೇ ಅಂದೆ. ಅದಕ್ಕೇ ಬರೆಯುತ್ತಿದ್ದೇನೆ. ಐದನೇ ಕ್ಲಾಸಿಗೆ ಬಿಟ್ಟವಳು, ಒತ್ತಕ್ಷರ ತಪ್ಪಿದ್ದರೆ ಸರಿ ಮಾಡಿಕೊಂಡು ಓದು.

ಸಿಹಿ ಸುದ್ದಿ ಕೊನೆಗೆ ಇಟ್ಟಿದ್ದೇನೆ. ನಮ್ಮ ಲಿಖಿತಳಿಗೆ ಮೂರು ತಿಂಗಳು. ಬಾಣಂತನ ನಮ್ಮಲ್ಲೇ. ಹೈಸ್ಕೂಲು ಮೂರು ವರ್ಷ ಚಿಕ್ಕಮ್ಮನ ಮನೆಯಲ್ಲಿ ಇದ್ದು ಓದಿದವಳು, ಈಗಲೇ ಹೇಳುತ್ತಿದ್ದಾಳೆ: "ಚಿಕ್ಕಮ್ಮ ಬಂದು ತೊಟ್ಲಿಗಾಕ್ಲಿಲ್ಲ ಅಂದ್ರೆ ಮಗೀಗೆ ಎಸ್ರೇ ಇಡಲ್ಲ ನಾನು." ಯುಗಾದಿಗೆ ನೀನು ಬರಲಿಲ್ಲ. ಇದಕ್ಕಾದರೂ ಬರುತ್ತೀಯ ತಾನೆ? ನಾವು ಏನಾದರೂ ತಪ್ಪು ಮಾಡಿದ್ದೀವಾ?

ನಿನ್ನ ಅಕ್ಕ
ಮುನಿಗಂಗಮ್ಮ


ಉರಿಗಾಂ
20 ಜೂನ್ 2024

ಪ್ರೀತಿಯ ಅಕ್ಕನಿಗೆ,

ಲಿಖಿತಳ ಸುದ್ದಿ ಓದಿ ಪಕ್ಕದ ಮನೆ ಸೆಲ್ವಿಯನ್ನು ಕೂಗಿ ಕರೆದೆ. ಅವಳು ಸಕ್ಕರೆ ಡಬ್ಬಿ ಹಿಡಿದುಕೊಂಡೇ ಬಂದಳು. ನಿನ್ನ ಕನಸಿನ ಚಪ್ಪಲಿ ಸಿಕ್ಕಿದೆ, ಮಂಚದ ಕೆಳಗಿದೆ. ಈಗ ನನ್ನ ಚಪ್ಪಲಿಗೆ ಹಿಂದೆ ಪಟ್ಟಿ ಇದೆ, ಕಳಚೋದಿಲ್ಲ.

ನೀವು ಏನೂ ತಪ್ಪು ಮಾಡಿಲ್ಲ. ಇವರಿಗೆ ವೆಲ್ಡಿಂಗ್ ಶಾಪಿನಲ್ಲಿ ಗೇಟಿನ ಕೆಲಸ ಜಾಸ್ತಿ. ನಾನು ಕೋಲು ಹಿಡಿದುಕೊಂಡು ಮನೆಯಲ್ಲಿ ಓಡಾಡುತ್ತೇನೆ. ಅಡುಗೆ ಎಲ್ಲಾ ಕೂತುಕೊಂಡೇ ಮಾಡುತ್ತೇನೆ, ಆದರೂ ನನ್ನ ಸಾರಿಗೆ ಉಪ್ಪು ಕಮ್ಮಿ ಆಗಿಲ್ಲ. ಇತ್ತೀಚೆಗೆ ಮಾತ್ರ ಮೂರು ಪಡಿಯೇ ಕಷ್ಟವಾಗಿದೆ. ಅದು ಬಿಟ್ಟರೆ ಎಲ್ಲಾ ಚೆನ್ನಾಗಿದೆ. ಹೆಸರಿಡೋದಕ್ಕೆ ಇನ್ನೂ ಬೇಕಾದಷ್ಟು ದಿನ ಇದೆ, ನೋಡೋಣ.

ನಿನ್ನ
ರಾಧಾಮಣಿ


ಕಾಮಸಮುದ್ರ
28 ಜೂನ್ 2024

ರಾಧಾ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಮೂರು ಪಡಿಯೇ ಕಷ್ಟ ಅಂತ ಬರೆದಿದ್ದೀಯ. ಇಬ್ಬರೇ ಇರುವ ಮನೆಗೆ ಮೂರು ಪಡಿ ರಾಗಿ ಹೊಂದಿಸೋದು ಕಷ್ಟವಾಗುವಷ್ಟು ಆಗಿದೆ ಅಂದರೆ ನಾನು ಇಲ್ಲಿ ಹೇಗೆ ಉಣ್ಣಲಿ? ನಿನ್ನೆ ಮುದ್ದೆ ತಟ್ಟೆಗೆ ಹಾಕಿಕೊಂಡು ಹಾಗೇ ಕೂತಿದ್ದೆ. ನಿಮ್ಮ ಭಾವ ಕೇಳಿದರು, ಹೇಳಿಬಿಟ್ಟೆ. ಹೇಳಬಾರದಿತ್ತೇನೋ.

ಗೇಟಿನ ಕೆಲಸ ಜಾಸ್ತಿ ಅಂತ ಮೇಲಿನ ಸಾಲಿನಲ್ಲಿ ಇದೆ, ಊಟಕ್ಕಿಲ್ಲ ಅಂತ ಕೆಳಗಿನ ಸಾಲಿನಲ್ಲಿ ಇದೆ. ಕುಪ್ಪುಸ್ವಾಮಿ ಕುಡಿಯುತ್ತಿದ್ದಾರಾ? ನಿಜ ಹೇಳು. ಕಾಯಿಲೆ ಮೈಗೆ ಹೊಟ್ಟೆಗೂ ಇಲ್ಲದೆ ಹೋದರೆ ಕಾಲಿಗೆ ಬಲ ಎಲ್ಲಿಂದ ಬರಬೇಕು.

ನಮ್ಮೂರಿನ ಮುನಿರಾಜ್ ಟೆಂಪೋದಲ್ಲಿ ಇಪ್ಪತ್ತು ಪಡಿ ರಾಗಿ ಕಳಿಸಿದ್ದೇನೆ. ಅಮ್ಮನ ಹಿತ್ತಾಳೆ ಪಡಿಯಲ್ಲಿ ನಾನೇ ಅಳೆದದ್ದು, ತಲೆ ತಟ್ಟಿಲ್ಲ, ಗೋಪುರ ಮಾಡಿಯೇ ಹಾಕಿದ್ದೇನೆ. ಹುಳ ಬರದ ಹಾಗೆ ಬೇವಿನ ಸೊಪ್ಪು ಇಟ್ಟಿದ್ದೇನೆ. ಜೊತೆಗೆ ಒಂದು ಡಜನ್ ಹಸಿರು ಬಳೆ. ಇಬ್ಬರದೂ ಎರಡು ನಾಲ್ಕರ ಅಳತೆಯೇ ಅಲ್ಲವಾ, ನನ್ನ ಕೈಗೆ ಹಾಕಿ ನೋಡಿಯೇ ತಂದೆ.

ಮುನಿಗಂಗಮ್ಮ


ಉರಿಗಾಂ
15 ಜುಲೈ 2024

ಅಕ್ಕ,

ರಾಗಿ ತಲುಪಿತು. ಬಳೆ ಹಾಕಿಕೊಂಡೆ. ಮೊದಲು ನಕ್ಕೆ, ಆಮೇಲೆ ತುಂಬಾ ಹೊತ್ತು ಚೀಲದ ಮೇಲೆ ಕೈಯಿಟ್ಟು ಕೂತಿದ್ದೆ.

ಇವರು ಕುಡಿಯುವುದಿಲ್ಲ. ಅಂಥ ಮಾತು ಯಾರ ಹತ್ತಿರವೂ ಆಡಬೇಡ. ಕೆಲಸ ಒಂದು ತಿಂಗಳು ಇರುತ್ತೆ, ಒಂದು ತಿಂಗಳು ಇರೋದಿಲ್ಲ, ಅಷ್ಟೇ. ಈಗ ನೀನು ಕಳಿಸಿದ್ದೀಯಲ್ಲ, ಸಾಕು. ಇನ್ನು ಪಡಿ ವಿಷಯ ಬಿಡು.

ಲಿಖಿತಳಿಗೆ ಹುಳಿ ಮಾವಿನಕಾಯಿ ಕೊಡು. ಹೈಸ್ಕೂಲಿನಲ್ಲಿ ಇದ್ದಾಗ ನನ್ನ ಡಬ್ಬಿಯಿಂದ ಉಪ್ಪಿನಕಾಯಿ ಕದಿಯುತ್ತಿದ್ದಳು.

ರಾಧಾಮಣಿ


ಕಾಮಸಮುದ್ರ
4 ಸೆಪ್ಟೆಂಬರ್ 2024

ರಾಧಾ,

ನಿನ್ನ ಮೇಲೆ ನನಗೆ ಕೋಪವಿಲ್ಲ, ಆದರೆ ಒಂದು ಗಲಾಟೆ ಆಗಿದೆ. ಬೇರೆಯವರಿಂದ ತಿಳಿಯೋದಕ್ಕಿಂತ ನಾನೇ ಬರೆಯುತ್ತೇನೆ.

ನಿಮ್ಮ ಭಾವ ಮೊನ್ನೆ ಬಂಗಾರಪೇಟೆಯಲ್ಲಿ ಕುಪ್ಪುಸ್ವಾಮಿಯನ್ನು ಕಂಡರಂತೆ. ಟೀ ಅಂಗಡಿ ಮುಂದೆ, ನಾಲ್ಕು ಜನರ ಎದುರಿಗೆ ಹಿಡಿದುಕೊಂಡಿದ್ದಾರೆ. "ಏನಯ್ಯಾ ಷಡ್ಕ, ಊರೋರ ಗೇಟೆಲ್ಲಾ ಅಂಟುಸ್ತೀಯ, ನಿನ್ ಮನೇಲಿ ಪಡೀಗೆ ಕಷ್ಟ ಅಂತಲ್ಲಾ. ನಾಚ್ಕೆ ಆಗಲ್ವಾ?"

ಅವರು ಟೀ ಲೋಟ ಕೆಳಗಿಟ್ಟು ತಲೆ ತಗ್ಗಿಸಿ ಹೇಳಿದರಂತೆ: "ಗೊತ್ತಣ್ಣ. ತಪ್ಪು ನಂದೇ. ಈ ತಿಂಗ್ಳು ಪಡೀಗೆ ಕಂಬಿ ಆಕ್ಬುಡ್ತೀನಿ."

ಇವರು ಮನೆಗೆ ಬಂದವರೇ, "ಕುಡ್ದೇ ಇದ್ದ ಕಣೇ. ಪಡೀಗೆ ಕಂಬಿ ಆಕ್ತಾನಂತೆ. ಪಡೀಗೆ ಯಾವನಾದ್ರೂ ಕಂಬಿ ಆಕ್ತಾನಾ" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಅಮ್ಮನ ಪಡಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಇದಕ್ಕೆ ಕಂಬಿ ಹಾಕಿ ಏನು ಮಾಡುತ್ತಾರೆ? ಅವರಿಗೆ ತಲೆಗೇನಾದರೂ ಆಗಿದೆಯಾ? ನೀನು ಅದನ್ನೂ ಮುಚ್ಚಿಡುತ್ತಿದ್ದೀಯಾ?

ಇನ್ನು ನನ್ನಿಂದ ಆಗೋದಿಲ್ಲ. ಹದಿನಾರನೇ ತಾರೀಕು ಸೋಮವಾರ ನಾನೇ ಬರುತ್ತೇನೆ. ನೀನು ಏನೂ ಅಡುಗೆ ಮಾಡಬೇಡ, ರಾಗಿ ತರುತ್ತೇನೆ.

ಮುನಿಗಂಗಮ್ಮ


ಉರಿಗಾಂ
13 ಸೆಪ್ಟೆಂಬರ್ 2024

ಅಕ್ಕ,

ಸೋಮವಾರ ಬರಬೇಡ. ನಾವಿಬ್ಬರೂ ವಾಣಿಯಂಬಾಡಿಗೆ ಇವರ ಚಿಕ್ಕಪ್ಪನ ಮನೆಗೆ ಹೋಗುತ್ತಿದ್ದೇವೆ. ಒಂದು ವಾರ ಇರೋದಿಲ್ಲ. ಬಂದು ಬೀಗ ನೋಡಿಕೊಂಡು ಹೋಗಬೇಕಾಗುತ್ತೆ.

ಭಾವ ಆಡಿದ ಮಾತಿಗೆ ಇವರು ಏನೂ ಅಂದುಕೊಂಡಿಲ್ಲ. ಇವರ ತಲೆ ಸರಿಯಾಗಿದೆ.

ರಾಧಾಮಣಿ


ಕಾಮಸಮುದ್ರ
23 ಸೆಪ್ಟೆಂಬರ್ 2024

ರಾಧಾ,

ನಿನ್ನ ಕಾಗದ ಬಂತು. ತಿಳಿಸಿದ್ದು ಒಳ್ಳೆಯದಾಯಿತು. ನಾವು ಚೆನ್ನಾಗಿದ್ದೇವೆ. ಲಿಖಿತ ಚೆನ್ನಾಗಿದ್ದಾಳೆ. ಹಸು ಕರು ಹಾಕಿದೆ. ನೀನು ಚೆನ್ನಾಗಿರು.

ಮುನಿಗಂಗಮ್ಮ


ಉರಿಗಾಂ
6 ಜನವರಿ 2025

ಅಕ್ಕ,

ಹೆಣ್ಣು ಮಗು ಅಂತ ಲಿಖಿತ ಫೋಟೋ ಕಳಿಸಿದ್ದಳು. ಮೂಗು ನಿನ್ನದೇ. ಫೆಬ್ರವರಿ ಒಂಬತ್ತಕ್ಕೆ ಹೆಸರಿಡುವುದು ಅಂತಲೂ ತಿಳಿಯಿತು. ಅವಳೇ ಹೇಳಿದಳು, ನೀನಲ್ಲ.

ಮೂರು ತಿಂಗಳಿಂದ ನೀನು ನನಗೆ ಎರಡು ಕಾಗದ ಬರೆದಿದ್ದೀಯ. ಎರಡರಲ್ಲೂ ಒಂದೇ ಒಂದು ಪ್ರಶ್ನೆ ಇಲ್ಲ. ಉಂಡೆಯಾ ಅಂತ ಇಲ್ಲ, ಬಿದ್ದೆಯಾ ಅಂತ ಇಲ್ಲ, ಕನಸು ಕೂಡ ಇಲ್ಲ. ನೀನು ಹೀಗೆ ಸುಮ್ಮನಿದ್ದರೆ ನನಗೆ ಕೈಕಾಲು ಆಡೋದಿಲ್ಲ. ವಾಣಿಯಂಬಾಡಿಗೆ ಹೋದೆ ಅಂತ ಬೇಜಾರಾ? ಭಾವ ಏನಾದರೂ ಅಂದರಾ?

ಹೆಸರಿಡೋದಕ್ಕೆ ನಾನು ಬರೋದು ಕಷ್ಟ. ಆ ವಾರ ಇವರಿಗೆ ರಜೆ ಇಲ್ಲ. ಮಗುವಿಗೆ ಉಡಿದಾರ ಕಳಿಸುತ್ತೇನೆ. ನನ್ನ ಬದಲು ನೀನೇ ತೊಟ್ಟಿಲಿಗೆ ಹಾಕು. ಲಿಖಿತಳಿಗೆ ನೀನೇ ಹೇಳಿ ಸಮಾಧಾನ ಮಾಡು.

ರಾಧಾಮಣಿ


ಕಾಮಸಮುದ್ರ
11 ಜನವರಿ 2025

ರಾಧಾ,

ಲಿಖಿತಳಿಗೆ ಹೇಳೋದಿಲ್ಲ. ಮೊದಲು ನಿನಗೆ ಒಂದು ಹೇಳಬೇಕು.

ಬರಬೇಡ ಅಂತ ನೀನು ಬರೆದ ಕಾಗದ ನಮಗೆ ತಲುಪಿದ್ದು ಗುರುವಾರ. ಸೋಮವಾರವೇ ನಾನು ಬಂದಾಗಿತ್ತು.

ಹತ್ತು ಪಡಿ ರಾಗಿ ಹೊತ್ತುಕೊಂಡು ನಿಮ್ಮ ಲೈನು ಮನೆಗಳ ಮೂಲೆಗೆ ಬಂದೆ. ನಲ್ಲಿ ಹತ್ತಿರ ಚೀಲ ಇಳಿಸಿ ಉಸಿರು ತೆಗೆದುಕೊಳ್ಳುತ್ತಿದ್ದೆ. ನಿಮ್ಮ ಬಾಗಿಲಲ್ಲಿ ನೀನು ನೆಲದ ಮೇಲೆ ಕೂತಿದ್ದೆ. ಬಿದ್ದುಬಿಟ್ಟಿದ್ದೀಯ ಅಂತ ಓಡಿ ಬರೋಣ ಅಂದುಕೊಂಡೆ. ಆಗ ನೀನು ಎರಡೂ ಕೈ ಹಿಂದಕ್ಕೆ ಊರಿ ಕೂತುಕೊಂಡೇ ಒಂದು ಮೆಟ್ಟಿಲು ಕೆಳಗೆ ಜಾರಿದೆ. ಕೆಳಗೆ ನಿಂತಿದ್ದ ಹುಡುಗಿ, ಅವಳೇ ಸೆಲ್ವಿ ಇರಬೇಕು, ನಿನ್ನ ಕಾಲು ಹಿಡಿದು ಇಳಿಸುತ್ತಿದ್ದಳು. ನೀನು ರೈಲಿನವರ ಹಾಗೆ ಸ್ಟೇಷನ್ ಹೆಸರು ಕೂಗಿದೆ: "ಕೋರಮಂಡಲ್, ಇಳಿಯೋರು ಇಳೀರಿ." ಇನ್ನೊಂದು ಮೆಟ್ಟಿಲು ಇಳಿದು "ಉರಿಗಾಂ" ಅಂದೆ. ಅವಳು, "ಇನ್ನೊಂದೇ ಪಡಿ ಅಕ್ಕಾ, ಚಾಂಪಿಯನ್ ಬಂದ್ರೆ ಆಯ್ತು. ಟಿಕೆಟ್ ಎಲ್ಲಿ? ಟಿಕೆಟ್ ಇಲ್ದೆ ಕೂತಿದ್ದೀಯಾ?" ಅಂದಳು. ಇಬ್ಬರೂ ನಗುತ್ತಿದ್ದಿರಿ. ನಿನಗೆ ನಗು ಜಾಸ್ತಿಯಾಗಿ ಮೂರನೆಯದು ಇಳಿಯೋಕೇ ಆಗಲಿಲ್ಲ.

ಅಲ್ಲಿ ನಿಂತಾಗ ತಿಳಿಯಿತು. ನಿಮ್ಮ ಕಡೆ ತಮಿಳಿನಲ್ಲಿ ಪಡಿ ಅಂದರೆ ಮೆಟ್ಟಿಲು. ಇಪ್ಪತ್ತೆರಡು ವರ್ಷ ಅವರ ಮನೆಯಲ್ಲಿದ್ದು ನಿನ್ನ ಬಾಯಲ್ಲಿ ಅದೇ ಬಂದಿದೆ. ನೀನು ಒಂದೇ ಒಂದು ಸಲ ನಿಜ ಬರೆದೆ, ಮೂರು ಮೆಟ್ಟಿಲೇ ಕಷ್ಟವಾಗಿದೆ ಅಂತ. ನಾನು ಅದಕ್ಕೆ ರಾಗಿ ಅಳೆದೆ. ಕುಪ್ಪುಸ್ವಾಮಿ ಹಿಡಿದುಕೊಳ್ಳೋಕೆ ಮೆಟ್ಟಿಲಿಗೆ ಕಂಬಿ ಹಾಕುತ್ತೇನೆ ಅಂದರು, ನಾವು ಅವರನ್ನು ಕುಡುಕ ಅಂದೆವು. ಅವರ ಮುಖ ಹೇಗೆ ನೋಡಲಿ?

ಹತ್ತಿರ ಬರಲಿಲ್ಲ. ಬಂದಿದ್ದರೆ ನಾನು ಅಳುತ್ತಿದ್ದೆ, ನಿನ್ನ ನಗು ಅಲ್ಲೇ ನಿಂತುಹೋಗುತ್ತಿತ್ತು. ಚೀಲ ಹೊತ್ತುಕೊಂಡು ತಿರುಗಿದೆ. ಬೆಳಿಗ್ಗೆ ಬಂದಿದ್ದ ಬಸ್ಸೇ ಸಿಕ್ಕಿತು. ಕಂಡಕ್ಟರು, "ಏನವ್ವಾ, ರಾಗೀಗೆ ಟೂರ್ ಮಾಡುಸ್ಕೊಂಡ್ ಬಂದಾ?" ಅಂದ. ಬಸ್ಸೆಲ್ಲಾ ನಕ್ಕಿತು. ನಾನೂ ನಕ್ಕೆ, ಏನು ಮಾಡಲಿ.

ಗುರುವಾರ ನಿನ್ನ ಕಾಗದ ಬಂತು, ವಾಣಿಯಂಬಾಡಿಯಲ್ಲಿ ಇರುತ್ತೇನೆ ಅಂತ. ಇಷ್ಟು ಕಷ್ಟಪಟ್ಟು ಮುಚ್ಚಿಡುತ್ತಿದ್ದೀಯ ಅಂದರೆ ಬಿಚ್ಚೋಕೆ ನಾನು ಯಾರು ಅಂತ ಸುಮ್ಮನಾದೆ. ಪ್ರಶ್ನೆ ಬರೆದು ಬರೆದು ಹರಿದು ಹಾಕಿದೆ. ನಾನು ಪ್ರಶ್ನೆ ಇಲ್ಲದೆ ಬದುಕುವವಳಾ?

ಈಗ ಕೇಳು. ನಿಮ್ಮ ಭಾವನಿಗೆ ಎಲ್ಲಾ ಹೇಳಿದೆ. ಮಾರನೇ ದಿನ ಅವರು ಹಾರೆ ತಗೊಂಡು ನಮ್ಮ ಬಾಗಿಲ ಮುಂದಿನ ಎರಡು ಮೆಟ್ಟಿಲು ಒಡೆದು ಇಳಿಜಾರು ಮಾಡಿದರು. ಎದುರು ಮನೆ ಮುನಿನಾರಾಯಣಮ್ಮ, "ಇದ್ಯಾಕಪ್ಪ ವೆಂಕಟರಾಯಪ್ಪ, ಮನೆ ಮುಂದೆ ಜಾರಗುಪ್ಪೆ ಮಾಡ್ತಿದ್ದೀಯ?" ಅಂದರೆ, "ಕರೀಗೆ ಅತ್ತಾಕಾಗಲ್ಲ ಕಣಮ್ಮ" ಅಂದರು. ಕರು ಅಲ್ಲೇ ಹಿತ್ತಲಲ್ಲಿ ಕುಣಿಯುತ್ತಿತ್ತು.

ಬಾ. ರಜೆಯ ಮಾತು ಬೇಡ.

ಅಕ್ಕ


ಉರಿಗಾಂ
18 ಜನವರಿ 2025

ಅಕ್ಕ,

ನಿನ್ನ ಕಾಗದ ಓದಿ ಎರಡು ದಿನ ಪೆನ್ನು ಹಿಡಿಯೋಕೆ ಆಗಲಿಲ್ಲ. ಇವರಿಗೆ ಓದಿ ಹೇಳಿದೆ. ರಾಗಿಯ ಟೂರಿಗೆ ಬಂದಾಗ ಇವರು ಎದ್ದು ಹಿತ್ತಲಿಗೆ ಹೋದರು. ನಗೋಕೋ ಅಳೋಕೋ ಗೊತ್ತಿಲ್ಲ. ಕಂಬಿ ಹಾಕಿದ್ದಾರೆ. ಆದರೆ ಈಗ ಕಂಬಿ ಹಿಡಿದರೂ ತೊಡೆ ಎತ್ತೋಕೆ ಆಗೋದಿಲ್ಲ. ಕೂತೇ ಇಳಿಯಬೇಕು, ಕೂತೇ ಹತ್ತಬೇಕು. ಹತ್ತುವಾಗ ಸ್ಟೇಷನ್ ಹೆಸರು ಕೂಗೋದಿಲ್ಲ, ಉಸಿರು ಸಾಲೋದಿಲ್ಲ.

ಮೊದಲ ಸಲ ಮುಚ್ಚಿಡಬೇಕು ಅಂತ ಇರಲಿಲ್ಲ. ನೀನು ರಾಗಿ ಕಳಿಸಿದೆ, ತಪ್ಪು ತಿಳಿದಿದ್ದೀಯ ಅಂತ ಗೊತ್ತಾಯಿತು, ಆ ತಪ್ಪಿನ ಹಿಂದೆ ಬಚ್ಚಿಟ್ಟುಕೊಂಡೆ. ಇವರ ಹೆಸರು ಕೆಟ್ಟರೂ ಸುಮ್ಮನಿದ್ದೆ. ಅದು ನಾನು ಮಾಡಿದ ದೊಡ್ಡ ತಪ್ಪು, ಇವರ ಹತ್ತಿರ ಒಪ್ಪಿಕೊಂಡೆ. ಇವರು, "ನಿಮ್ ಭಾವನ ಕೈಲಿ ಒಂದ್ ಟೀ ಕೊಡ್ಸು, ಅದೇ ಅಂಗಡೀಲಿ, ಅಷ್ಟೇ ಜನದ್ ಎದ್ರಿಗೆ" ಅಂದರು.

ಯಾಕೆ ಬಚ್ಚಿಟ್ಟೆ ಅಂದರೆ, ಅಮ್ಮ ಸತ್ತಾಗ ನನಗೆ ಎಂಟು ತಿಂಗಳು. ನನ್ನನ್ನು ಎತ್ತಿಕೊಳ್ಳೋಕೆ ಅಂತ ನೀನು ಐದನೇ ಕ್ಲಾಸು ಬಿಟ್ಟೆ. ಒತ್ತಕ್ಷರ ತಪ್ಪಿದ್ದರೆ ಅಂತ ನೀನು ಪ್ರತಿ ಸಲ ಬರೆಯುವಾಗ ಆ ತಪ್ಪೆಲ್ಲಾ ನನ್ನಿಂದ ಆದದ್ದು ಅನ್ನಿಸುತ್ತೆ. ಈಗ ನಿನಗೆ ಐವತ್ತೆರಡು. ಮತ್ತೆ ನನ್ನನ್ನು ಎತ್ತಿಕೋ ಅಂತ ಹೇಗೆ ಹೇಳಲಿ?

ಇನ್ನೊಂದು ಇದೆ. ಇವರು ಏಳು ತಿಂಗಳ ಹಿಂದೆಯೇ ವೀಲ್‌ಚೇರ್ ತಂದಿದ್ದಾರೆ. ನಾನು ಅದರಲ್ಲಿ ಕೂರಲಿಲ್ಲ. ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ನಿನ್ನ ಕಾಗದ ಬಂದ ಮೇಲೆ ಬಟ್ಟೆ ತೆಗೆದು ಕೂತೆ. ಸೆಲ್ವಿ ಲೈನಿನ ಕೊನೆವರೆಗೆ ತಳ್ಳಿಕೊಂಡು ಹೋದಳು. ಎಂಟು ತಿಂಗಳ ಮೇಲೆ ಆ ಮೂಲೆ ನೋಡಿದೆ, ನೀನು ಚೀಲ ಇಳಿಸಿದ ನಲ್ಲಿ ಹತ್ತಿರ ಗಾಡಿ ನಿಲ್ಲಿಸಿಕೊಂಡು ಬಂದೆ.

ಬರುತ್ತೇನೆ. ಇವರು ಮುನಿರಾಜ್ ಟೆಂಪೋ ಮಾತಾಡಿದ್ದಾರೆ. ನನ್ನನ್ನು ಯಾರೂ ಎತ್ತಬಾರದು, ಕೂತೇ ಒಳಗೆ ಬರಬೇಕು, ಕೂತೇ ಮಗುವನ್ನು ತೊಟ್ಟಿಲಿಗೆ ಹಾಕಬೇಕು. ಇದೊಂದು ನಡೆಸಿಕೊಡು. ವೀಲ್‌ಚೇರ್ ಗಾಡಿ ನಿಮ್ಮ ಬಾಗಿಲಲ್ಲಿ ಹಿಡಿಸುತ್ತಾ ಅಂತ ಭಾವನ ಕೈಲಿ ನೋಡಿಸು. ಟೇಪು ಇವರ ಕೆಲಸದ ಚೀಲದಲ್ಲಿ ಹೋಗಿದೆ, ಗೇಣಿನಲ್ಲಿ ಅಳೆದೆ. ಗಾಡಿಯ ಅಗಲ ನಾಲ್ಕು ಗೇಣು, ಮೇಲೆ ಎರಡು ಬೆರಳು.

ರಾಧಾ


ಕಾಮಸಮುದ್ರ
24 ಜನವರಿ 2025

ರಾಧಾ,

ಬರುತ್ತೇನೆ ಅಂದಿದ್ದೀಯ. ಲಿಖಿತ ಮಗುವಿನ ಕಿವಿಯಲ್ಲಿ ಆಗಲೇ ಹೇಳಿಬಿಟ್ಟಳು. ನಿಮ್ಮ ಭಾವ ಟೀ ಅಲ್ಲ, ಬೇಕಾದರೆ ಬೋಂಡಾನೂ ಕೊಡಿಸುತ್ತಾರಂತೆ, ಆದರೆ ಜನ ಸ್ವಲ್ಪ ಕಮ್ಮಿ ಇರುವ ಹೊತ್ತಿಗೆ ಅಂದರು. ಅದೆಲ್ಲಾ ಆಗೋದಿಲ್ಲ, ಅಷ್ಟೇ ಜನ ಇರಬೇಕು ಅಂದಿದ್ದೇನೆ.

ಯಾರೂ ಎತ್ತೋದಿಲ್ಲ. ನಾನೂ ಎತ್ತೋದಿಲ್ಲ. ಶಾಲೆಯ ಮಾತು ಇನ್ನೊಂದು ಸಲ ಬರೆಯಬೇಡ. ನಿನ್ನನ್ನು ಎತ್ತಿಕೊಂಡಿದ್ದು ನನಗೆ ಭಾರ ಅಂತ ಯಾರು ಹೇಳಿದರು? ಆ ಮೇಷ್ಟ್ರ ಮಗ್ಗಿಗಿಂತ ನೀನು ಹಗುರ ಇದ್ದೆ.

ಹೊಸಿಲು ತೆಗೆಯೋಕೆ ಆಗೋದಿಲ್ಲ. ಅದರ ಎರಡೂ ಕಡೆ ಹಲಗೆ ಓರೆಯಾಗಿ ಇಡುತ್ತಾರೆ. ಹಲಗೆ ಜಾರದ ಹಾಗೆ ಗೋಣಿಚೀಲ ಹೊಡೆಯಿರಿ ಅಂದಿದ್ದೇನೆ. ಗೋಣಿಗೆ ಚಕ್ರ ಸಿಕ್ಕಿಕೊಳ್ಳುತ್ತಾ? ಅದೂ ಒಂದು ಯೋಚನೆ.

ಆದರೆ ಬಾಗಿಲ ಲೆಕ್ಕ ಸರಿ ಬರುತ್ತಿಲ್ಲ. ನಮ್ಮ ಬಾಗಿಲು ನನ್ನ ಕೈಯಲ್ಲಿ ಸರಿಯಾಗಿ ನಾಲ್ಕು ಗೇಣು. ನೀನು ಬರೆದ ಹಾಗಿದ್ದರೆ ಗಾಡಿ ಎರಡು ಬೆರಳು ಹಿಡಿಸೋದಿಲ್ಲ. ನಿಮ್ಮ ಭಾವ ಬಾಗಿಲವಾಡವನ್ನೇ ಕೀಳುತ್ತೇನೆ ಅಂತ ಹಾರೆ ಎತ್ತಿದರು. ತಡೆದೆ. ಕಾಮಸಮುದ್ರದ ಆಸ್ಪತ್ರೆಯಲ್ಲಿ ಅಂಥದ್ದೇ ಒಂದು ಗಾಡಿ ಇದೆ, ನಿನ್ನೆ ಹೋಗಿ ಅಳೆದುಬಂದೆ. ನರ್ಸಮ್ಮ, "ಏನಮ್ಮ, ಕೊಂಡ್ಕೊಂತೀಯಾ?" ಅಂದರು. ನನ್ನ ಕೈಯಲ್ಲಿ ಅದು ಮೂರು ಗೇಣು, ಎರಡು ಬೆರಳು. ಧಾರಾಳವಾಗಿ ಹಿಡಿಸುತ್ತೆ.

ನಿನ್ನದಕ್ಕೆ ಮಾತ್ರ ನಾಲ್ಕು ಗೇಣು ಹೇಗೆ ಆಯಿತು? ನಿನ್ನ ಗಾಡಿ ದೊಡ್ಡದಿರಬಹುದು. ಇಲ್ಲದಿದ್ದರೆ ನಿನ್ನ ಗೇಣು ಚಿಕ್ಕದಾಗಿದೆ. ನಮ್ಮಿಬ್ಬರದೂ ಎರಡು ನಾಲ್ಕರ ಬಳೆಯ ಕೈ, ರಾಧಾ. ಕಾಲಿನದು ಕೈಗೂ ಬಂದಿದ್ದರೆ, ಬೆರಳು ಮೊದಲಿನ ಹಾಗೆ ಚಾಚದಿದ್ದರೆ, ಅದನ್ನು ಪಡಿಯ ಹಾಗೆ ನನ್ನ ಊಹೆಗೆ ಬಿಟ್ಟುಬಿಡಬೇಡ. ನಾನು ಅಳೋದಿಲ್ಲ ಅಂತ ಹೇಳೋದಿಲ್ಲ. ಅತ್ತುಕೊಂಡೇ ಮಗುವಿನ ಕೆಳಗೆ ನನ್ನ ಕೈ ಇಡುತ್ತೇನೆ, ಮೇಲೆ ನಿನ್ನ ಕೈ ಇರಲಿ. ತೊಟ್ಟಿಲಿಗೆ ಹಾಕುವವಳು ನೀನೇ.

ಈ ಹಾಳೆಯ ಹಿಂದುಗಡೆ ನನ್ನ ಎಡಗೈ ಚಾಚಿ ಇಟ್ಟು ಸುತ್ತ ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ಕಿರುಬೆರಳ ಹತ್ತಿರ ಸ್ವಲ್ಪ ಸೊಟ್ಟ ಆಗಿದೆ. ಗಾಡಿಯನ್ನು ಕುಪ್ಪುಸ್ವಾಮಿ ಬಂದ ಮೇಲೆ ಟೇಪಿನಲ್ಲಿ ಅಳೆಯಲಿ. ನೀನು ಇದರ ಮೇಲೆ ನಿನ್ನ ಎಡಗೈ ಇಡು. ಹೆಬ್ಬೆರಳಿಗೆ ಹೆಬ್ಬೆರಳು ಸೇರಿಸಿ, ಕಿರುಬೆರಳು ನನ್ನ ಗೆರೆಗೆ ಎಷ್ಟು ಕಮ್ಮಿ ಬರುತ್ತೆ ಅಂತ ಸರಿಯಾಗಿ ನೋಡಿ ಬರಿ.

ಅಕ್ಕ